ಪ್ರಶ್ನೋತ್ತರ: ಕತೆ ಹೇಳುವವರು ಎಲ್ಲಿ ನಿಂತಿದ್ದಾರೆ?

ಈ ವಾರ ಬಳಗದ ಪ್ರಶ್ನೆಗಳಿಗೆ ಉತ್ತರಿಸುವವರು ಹೊನ್ನಾವರ ತಾಲೂಕಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಕ್ಕೋರು. ಇಪ್ಪತ್ತು ವರ್ಷಗಳಿಂದ ಕಥಾಸಂಕಲನಗಳ ಹಸ್ತಪ್ರತಿ ತಿದ್ದುತ್ತಿದ್ದಾರೆ. ವಿಷಯ: ನಿರೂಪಕರು ಮತ್ತು ದೃಷ್ಟಿಕೋನ.

ಪ್ರಶ್ನೆ (ಕಾರವಾರದಿಂದ)

ಅಕ್ಕೋರೇ, ನಮಸ್ಕಾರ. ನನ್ನದು ಬ್ಯಾಂಕಿನ ಕೆಲಸ, ಬರೆಯಲು ಸಿಗುವುದು ಭಾನುವಾರ ಮಾತ್ರ. ನೌಕಾನೆಲೆಗಾಗಿ ಮನೆ ಬಿಟ್ಟ ಅಜ್ಜನೊಬ್ಬನ ಕತೆ ಬರೆದಿದ್ದೇನೆ. ಹೇಳುವವಳು ಹತ್ತು ವರ್ಷದ ಮೊಮ್ಮಗಳು. ಓದಿದ ಇಬ್ಬರು ಗೆಳತಿಯರೂ “ಮಗು ಮಗುವಿನ ಹಾಗಿಲ್ಲ” ಎಂದರು. ಅವಳ ಮಾತನ್ನು ಇನ್ನಷ್ಟು ತೊದಲಾಗಿಸಬೇಕೇ? ಅಥವಾ ‘ನಾನು’ ಬಿಟ್ಟು ‘ಅವಳು’ ಮಾಡಲೇ? ಒಂದು ತುಣುಕು ಹಾಕಿದ್ದೇನೆ:

“ಅಂದು ಸಂಜೆ ಅಜ್ಜ ಜಗಲಿಯ ಮೇಲೆ ಕುಳಿತಿದ್ದರು. 1986ರಲ್ಲಿ ಪ್ರಧಾನಿಯವರು ಅಡಿಗಲ್ಲು ಹಾಕಿದ ದಿನದಿಂದಲೂ ಈ ಗಳಿಗೆಗೆ ಹೆದರಿದ್ದ ಅಜ್ಜ ಇಂದು ಪೂರ್ತಿ ಸೋತಿದ್ದರು. ಪರಿಹಾರದ ಮೊತ್ತ ಸಾಲದೆಂಬ ದಾವೆ ಇನ್ನೂ ನ್ಯಾಯಾಲಯದಲ್ಲಿತ್ತು. ನಾನು ಮುಗ್ಧವಾಗಿ ನಗುತ್ತ ಅವರ ತೊಡೆಯೇರಿದೆ.”

ಉತ್ತರ

ತೊದಲಿಸಬೇಡಿ. ಹತ್ತು ವರ್ಷದ ಹುಡುಗಿಯರು ತೊದಲುವುದಿಲ್ಲ, ನನ್ನ ತರಗತಿಯಲ್ಲಿ ಅವರೇ ನನಗಿಂತ ಸ್ಪಷ್ಟವಾಗಿ ಮಾತನಾಡುತ್ತಿದ್ದರು. ಇಲ್ಲಿ ಕೆಟ್ಟಿರುವುದು ಭಾಷೆಯಲ್ಲ, ತಿಳಿವಳಿಕೆ. ಅಡಿಗಲ್ಲಿನ ವರ್ಷ, ದಾವೆ, ಅಜ್ಜ ಪೂರ್ತಿ ಸೋತಿದ್ದು, ಇವು ಮೂರೂ ಆ ಹುಡುಗಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅವಳ ಹಿಂದೆ ನಿಂತು ನೀವು ಪಿಸುಗುಟ್ಟಿದ್ದು ನಮಗೆ ಕೇಳಿಸುತ್ತಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಯ ವಾಕ್ಯದ ‘ಮುಗ್ಧವಾಗಿ’. ತನ್ನ ಮುಗ್ಧತೆ ತನಗೇ ಕಾಣುವ ಮಗು ಎಲ್ಲಿದೆ? ಆ ಪದ ಹೊರಗಿನಿಂದ ನೋಡುವ ದೊಡ್ಡವರದು. ‘ನಾನು’ ಎಂದು ಬರೆದ ಕೂಡಲೇ ‘ನನ್ನ ಕಣ್ಣು ಹೊಳೆದವು’, ‘ನನ್ನ ಮುಖ ಕೆಂಪಾಯಿತು’ ಇಂಥವನ್ನೆಲ್ಲ ಜರಡಿ ಹಿಡಿಯಬೇಕು. ಮುಖ ಬಿಸಿಯಾಗಿದ್ದು ನನಗೆ ಗೊತ್ತಾಗುತ್ತದೆ, ಕೆಂಪಾಗಿದ್ದು ಎದುರಿದ್ದವರಿಗೆ.

ಮಗುವಿಗೆ ಏನು ಗೊತ್ತಿರುತ್ತದೆ? ಕಂಡದ್ದು, ಕೇಳಿಸಿಕೊಂಡದ್ದು, ಎಣಿಸಲು ಬರುವಂಥದ್ದು. ಮನೆ ಬಿಡುವಾಗ ಹಂಚು, ಬಾಗಿಲು, ಪಕಾಸಿಗಳನ್ನು ಬಿಚ್ಚಿ ಒಯ್ಯುತ್ತಾರಲ್ಲ, ಅಲ್ಲಿಂದ ಹಿಡಿಯೋಣ:

“ಅಪ್ಪ ಮಾಡು ಹತ್ತಿ ಹಂಚು ಇಳಿಸಿ ಕೊಡುತ್ತಿದ್ದ. ಅಜ್ಜ ಎಣಿಸುತ್ತಿದ್ದರು. ಇನ್ನೂರು ಆದ ಮೇಲೆ ಮತ್ತೆ ಒಂದು ಎಂದರು. ತಪ್ಪಿತು ಅಜ್ಜ, ಇನ್ನೂರಾ ಒಂದು, ಎಂದೆ. ಅಜ್ಜ ಎರಡು ಎಂದರು. ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲವಂತೆ, ಅಪ್ಪ ಮೇಲಿನಿಂದ ಯಾರಿಗೋ ಹೇಳುತ್ತಿದ್ದ.”

‘ಸೋತಿದ್ದರು’ ಎಂಬ ಪದ ಇಲ್ಲಿ ಇಲ್ಲ. ದಾವೆ ಮಾತ್ರ ಬಂದಿದೆ, ‘ಅಂತೆ’ಯನ್ನು ಹಿಡಿದುಕೊಂಡು. ಈ ‘ಅಂತೆ’ ಇದೆಯಲ್ಲ, ಕತೆಗಾರರಿಗೆ ಕನ್ನಡ ಕೊಟ್ಟ ಬಂಗಾರ ಅದು. ನಾನು ನೋಡಿಲ್ಲ, ಕೇಳಿದ್ದೇನೆ, ನಿಜವೋ ಸುಳ್ಳೋ ನನ್ನ ತಲೆಗೆ ಕಟ್ಟಬೇಡಿ, ಇಷ್ಟನ್ನೂ ಎರಡಕ್ಷರದಲ್ಲಿ ಹೇಳುತ್ತದೆ. ಮಗುವಿಗೆ ನಿಲುಕದ ವಿಷಯ ತರಬೇಕಾದಾಗ ಬಳಸಿ. ಪುಟಕ್ಕೆ ಒಂದೆರಡು ಸಾಕು, ಹೆಚ್ಚಾದರೆ ಕಟ್ಟೆಪುರಾಣವಾಗುತ್ತದೆ. (ಹಂಚು ನನ್ನದು. ನಿಮ್ಮ ಕತೆಯ ಅಜ್ಜ ಬೇರೇನೋ ಮಾಡಿರುತ್ತಾನೆ, ಅದನ್ನು ಹುಡುಕಿಕೊಳ್ಳಿ.)

ಇನ್ನೊಂದು ದಾರಿಯೂ ಇದೆ. ಅವಳು ಇದನ್ನು ಯಾವಾಗ ಹೇಳುತ್ತಿದ್ದಾಳೆ? ಅಡಿಗಲ್ಲು ಬಿದ್ದದ್ದು 1986ರಲ್ಲಿ, ಕದಂಬ ನೌಕಾನೆಲೆ ಸೇವೆಗೆ ಸೇರಿದ್ದು 2005ರ ಮೇ ತಿಂಗಳಲ್ಲಿ. ಆ ನಡುವಿನ ಯಾವುದೋ ವರ್ಷ ಹತ್ತು ತುಂಬಿದ್ದವಳಿಗೆ ಈಗ ಮೂವತ್ತಾದರೂ ಆಗಿದೆ. ಬದುಕಿದ ‘ನಾನು’ ಹುಡುಗಿ, ಹೇಳುವ ‘ನಾನು’ ಹೆಂಗಸು. ಹೇಳುವವಳು ದೊಡ್ಡವಳಾದರೆ ಇಸವಿಯೂ ಇರಲಿ, ದಾವೆಯೂ ಇರಲಿ. ಆಗ ಅವಳು ಎಲ್ಲಿ ಕುಳಿತು ಹೇಳುತ್ತಿದ್ದಾಳೆ, ಇಷ್ಟು ವರ್ಷ ಸುಮ್ಮನಿದ್ದವಳಿಗೆ ಈಗೇಕೆ ಬಾಯಿ ಬಂತು ಎಂಬುದನ್ನು ನೀವು ತಿಳಿದಿರಬೇಕು. ಬರೆಯಬೇಕೆಂದಿಲ್ಲ, ತಿಳಿದಿರಬೇಕು.

ಅದೇ ಸದಸ್ಯೆ

‘ಅವಳು’ ಮಾಡುವ ಬಗ್ಗೆ ಹೇಳಲಿಲ್ಲ.

ಉತ್ತರ

ಮಾಡಬಹುದು. ಆದರೆ ‘ಅವಳು’ ಎಂದ ಮಾತ್ರಕ್ಕೆ ದೂರ ಹೋದಂತಲ್ಲ. ಈ ಎರಡು ವಾಕ್ಯ ನೋಡಿ.

“ಅವಳು ಬಾವಿಯೊಳಗೆ ಬಗ್ಗಿ ನೋಡಿದಳು. ಇನ್ನು ಅವಳು ಈ ಬಾವಿಗೆ ಬರುವುದಿಲ್ಲ.”

“ಅವಳು ಬಾವಿಯೊಳಗೆ ಬಗ್ಗಿ ನೋಡಿದಳು. ಇನ್ನು ತಾನು ಈ ಬಾವಿಗೆ ಬರುವುದಿಲ್ಲ.”

ಮೊದಲನೆಯದರಲ್ಲಿ ಲೇಖಕಿ ಭವಿಷ್ಯ ಹೇಳುತ್ತಿದ್ದಾಳೆ, ಹುಡುಗಿಗೆ ಅದು ಗೊತ್ತಿದೆಯೋ ಇಲ್ಲವೋ. ಎರಡನೆಯದರಲ್ಲಿ ಹುಡುಗಿಗೇ ಅದು ಹೊಳೆದಿದೆ. ‘ಎಂದುಕೊಂಡಳು’, ‘ಎಂದು ಅವಳಿಗೆ ಅನಿಸಿತು’ ಯಾವುದೂ ಬೇಕಾಗಲಿಲ್ಲ, ‘ತಾನು’ ಒಂದೇ ನಮ್ಮನ್ನು ಅವಳ ತಲೆಯೊಳಗೆ ಇಳಿಸಿತು. ‘ಅವಳು’, ‘ತಾನು’ ಅದಲುಬದಲು ಮಾಡುತ್ತ ಬೇಕೆಂದಾಗ ಒಳಗೆ, ಬೇಕೆಂದಾಗ ಹೊರಗೆ ಓಡಾಡಬಹುದು. ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ (1979) ಬಹುಪಾಲು ‘ಅವನು’ ಎಂದೇ ಸಾಗುತ್ತದೆ. ಆದರೂ ನಾಗಪ್ಪನ ತಲೆಯಿಂದ ಹೊರಗೆ ಗಾಳಿ ಸೇವಿಸಲು ಓದುಗರಿಗೆ ಬಿಡುವೇ ಸಿಗುವುದಿಲ್ಲ.

ಪ್ರಶ್ನೆ (ಶಿರಸಿಯಿಂದ)

ನಾನು ಅಡಿಕೆ ತೋಟಿಗ. ಕೊನೆಗೌಡ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಒಂದು ದಿನದ ಕತೆ ಬರೆಯುತ್ತಿದ್ದೇನೆ. ಎಲ್ಲರ ಮನಸ್ಸನ್ನೂ ತೋರಿಸುವ ಆಸೆ. “ಯಾರ ಕತೆ ಎಂದು ತಿಳಿಯುವುದಿಲ್ಲ” ಎಂದು ಒಂದು ಪತ್ರಿಕೆಯಿಂದ ವಾಪಸ್ ಬಂತು.

“ಕೊನೆಗೌಡ ಮರದ ತುದಿಯಲ್ಲಿ ಕೂತು ಕೂಲಿ ಹೆಚ್ಚಿಸಿ ಕೇಳುವುದು ಹೇಗೆಂದು ಯೋಚಿಸುತ್ತಿದ್ದ. ಕೆಳಗೆ ಹೆಗಡೆಯವರು ಕೊಳೆರೋಗದಿಂದ ಅರ್ಧ ಬೆಳೆ ಹೋದ ಚಿಂತೆಯಲ್ಲಿದ್ದರು. ಚಹ ತಂದ ಸಾವಿತ್ರಿಗೆ ಗಂಡನ ಮುಖ ನೋಡಿ ನಗು ಬಂತು. ಅವಳ ತುಟಿಯಂಚಿನ ನಗು ಕೊನೆಗೌಡನಿಗೆ ಹಿಡಿಸಲಿಲ್ಲ.”

ಉತ್ತರ

ನಿಮ್ಮ ತೋಟದ ಮರ ಎಷ್ಟು ಎತ್ತರ? ಅಷ್ಟು ಮೇಲೆ ಕುಳಿತವನಿಗೆ ಕೆಳಗಿನವಳ ತುಟಿಯಂಚು ಕಾಣುತ್ತದೆಯೇ? ಅವನಿಗೆ ಕಾಣುವುದು ಬೈತಲೆ, ತಟ್ಟೆ, ಲೋಟಗಳು. ಲೋಟ ಎರಡಿವೆಯೋ ಮೂರಿವೆಯೋ ಎಂಬುದೂ ಕಾಣುತ್ತದೆ. ನೀವು ನಾಲ್ಕು ವಾಕ್ಯದಲ್ಲಿ ಮೂರು ತಲೆ ಹೊಕ್ಕು ಮತ್ತೆ ಮೊದಲನೆಯದಕ್ಕೆ ಮರಳಿದ್ದೀರಿ. ಕೊನೆಗೌಡ ಮರದಿಂದ ಮರಕ್ಕೆ ಜಿಗಿಯುತ್ತಾನೆ, ನಿಜ. ಆದರೆ ಅವನು ಮುಂದಿನ ಮರವನ್ನು ಕೈಯಲ್ಲಿ ಹಿಡಿದ ಮೇಲೆಯೇ ಈ ಮರ ಬಿಡುವುದು.

ಇದಕ್ಕಿಂತ ಮುಖ್ಯವಾದ ವಿಷಯ ಬೇರೆ. ಎಲ್ಲರ ಮನಸ್ಸು ತೋರಿಸಿದ್ದೇನೆ ಎನ್ನುತ್ತೀರಿ. ನಿಮ್ಮ ಕ್ರಿಯಾಪದಗಳು ಹಾಗೆ ಹೇಳುವುದಿಲ್ಲ. ಹೆಗಡೆಯವರು ‘ಇದ್ದರು’. ಕೊನೆಗೌಡ ‘ಯೋಚಿಸುತ್ತಿದ್ದ’. ಸಾವಿತ್ರಿ ‘ಅವಳು’. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬುದರಲ್ಲೇ ನಿರೂಪಕ ಎಲ್ಲಿ ನಿಂತಿದ್ದಾನೆಂದು ಗೊತ್ತಾಯಿತು. ಅವನು ಹೆಗಡೆಯವರ ಅಂಗಳದಲ್ಲಿ, ಅವರ ಪಕ್ಕದಲ್ಲಿ ಕವಳ ಹಾಕಿಕೊಂಡು ನಿಂತಿದ್ದಾನೆ. ಮರದ ಮೇಲಿನವನಿಗೆ ಹೆಸರೂ ಇಲ್ಲ, ಕೆಲಸದ ಹೆಸರಷ್ಟೇ. ಅವನ ಹೆಂಡತಿ ಮನೆಯಲ್ಲಿ ಅವನನ್ನು ಕೊನೆಗೌಡ ಎಂದು ಕರೆಯುತ್ತಾಳೆಯೇ? ನಿಜವಾಗಿ ಅವನ ಜೊತೆ ಮರ ಹತ್ತಿದರೆ ವಾಕ್ಯ ತಾನಾಗಿ ಬದಲಾಗುತ್ತದೆ: “ಅಮ್ಮ ಚಹ ತಂದರು. ಲೋಟ ಎರಡೇ ಇದ್ದವು.” ಅದೇ ಹೆಂಗಸು, ಅದೇ ಚಹ. ನಿಂತ ಜಾಗ ಬೇರೆ.

‘ಚಹ ತಂದ’ ಎಂಬುದನ್ನೂ ನೋಡಿಕೊಳ್ಳಿ. ಬರುವುದು, ಹೋಗುವುದು, ತರುವುದು, ಒಯ್ಯುವುದು, ಇವೆಲ್ಲ ಯಾರದೋ ಕಾಲ ಬುಡದಿಂದ ಅಳೆದ ಮಾತುಗಳು. ಸಾವಿತ್ರಿಯ ಕಡೆಯಿಂದ ಬರೆದರೆ ಅವಳು ಚಹ ‘ಒಯ್ದಳು’. ಹಸ್ತಪ್ರತಿ ತಿದ್ದುವಾಗ ದೃಷ್ಟಿಕೋನ ಜಾರಿದ್ದು ನನಗೆ ಮೊದಲು ಕಾಣುವುದು ಈ ಸಣ್ಣ ಕ್ರಿಯಾಪದಗಳಲ್ಲೇ.

ನನ್ನ ಸಲಹೆ: ಇಡೀ ಕತೆಯನ್ನು ಮರದ ಮೇಲಿನಿಂದ ಬರೆಯಿರಿ. ಹೆಗಡೆಯವರ ಚಿಂತೆ ಅವನಿಗೆ ಕಂಡಷ್ಟೇ ನಮಗೂ ಕಾಣಲಿ. ನೀವು ತೋಟಿಗರಾದ್ದರಿಂದ ಕಷ್ಟವಾಗುತ್ತದೆ. ಆಗಲಿ.

ಮಧ್ಯೆ ಒಬ್ಬರು (ಯಲ್ಲಾಪುರದಿಂದ)

ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಬರೆಯುವಾಗ ಎಲ್ಲರೊಳಗೂ ಹೋಗಲಿಲ್ಲವೇ? ಗುತ್ತಿಯ ನಾಯಿ ಹುಲಿಯನನ್ನೂ ಬಿಡಲಿಲ್ಲ. ಅವರಿಗಿಲ್ಲದ ನಿಯಮ ನಮಗೇಕೆ?

ಉತ್ತರ

ನಿಯಮ ಎಂದು ನಾನು ಎಲ್ಲಿ ಹೇಳಿದೆ? 1967ರ ಆ ಕಾದಂಬರಿಯ ನಿರೂಪಕ ನಮ್ಮ ಯಕ್ಷಗಾನದ ಭಾಗವತನಂತೆ. ಅಡಗಿ ಕೂರುವುದಿಲ್ಲ, ರಂಗದಲ್ಲೇ ಎಲ್ಲರಿಗೂ ಕಾಣುವಂತೆ ತಾಳ ಹಿಡಿದು ಕೂತಿರುತ್ತಾನೆ. ಪದ್ಯ ಹೇಳಿ ಒಬ್ಬನನ್ನು ಕುಣಿಸುತ್ತಾನೆ, ಅವನ ಮಾತು ಮುಗಿಯುವವರೆಗೆ ಕಾಯುತ್ತಾನೆ, ಆಮೇಲೆ ಇನ್ನೊಬ್ಬನನ್ನು ಕರೆಯುತ್ತಾನೆ. ಪ್ರಸಂಗ ಯಾರ ಕೈಯಲ್ಲಿದೆ ಎಂಬ ಗೊಂದಲ ನೋಡುವವರಿಗೆ ಇರುವುದಿಲ್ಲ. ಶಿರಸಿಯವರ ತುಣುಕಿನಲ್ಲಿ ಭಾಗವತನೇ ಇಲ್ಲ, ಮೂವರು ವೇಷಧಾರಿಗಳು ಒಟ್ಟಿಗೆ ಬಾಯಿ ತೆರೆದಿದ್ದಾರೆ. ಏಳೆಂಟು ಪುಟದ ಸಣ್ಣ ಕತೆಯಲ್ಲಿ ಭಾಗವತನನ್ನು ಕೂರಿಸಿ ಎಲ್ಲರನ್ನೂ ಕುಣಿಸುವುದು ಆಗದ ಕೆಲಸವಲ್ಲ. ನಾನು ತಿದ್ದಿದ ಹಸ್ತಪ್ರತಿಗಳಲ್ಲಿ ಆದದ್ದು ಕಡಿಮೆ.

ಪ್ರಶ್ನೆ (ಕುಮಟೆಯಿಂದ)

ಪ್ರಥಮ ಪುರುಷ ನಿರೂಪಕ, ಅಂದರೆ ‘ನಾನು’, ಸುಳ್ಳು ಹೇಳಬಹುದೇ? ನನ್ನ ನಿರೂಪಕ ಅಣ್ಣನ ಆಸ್ತಿ ನುಂಗಿದವನು. ಅದನ್ನು ಅವನು ಒಪ್ಪುವುದಿಲ್ಲ. ಓದುಗರು ಮೋಸವಾಯಿತು ಎಂದುಕೊಂಡರೆ? ಕೊನೆಯಲ್ಲಿ ಅವನನ್ನು ಸಾಯಿಸುವ ಯೋಚನೆಯೂ ಇದೆ.

ಉತ್ತರ

ಮೊದಲು ಮಾಸ್ತರಿಕೆ: ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ. ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆ ತಂದು ಇಲ್ಲಿ ಕೂರಿಸಿ ಎಲ್ಲರೂ ತಲೆಕೆಳಗು ಮಾಡಿಕೊಂಡಿದ್ದಾರೆ. ನಿಮ್ಮವನು ಆಸ್ತಿ ನುಂಗಿದರೂ ವ್ಯಾಕರಣದ ಮಟ್ಟಿಗೆ ಉತ್ತಮ ಪುರುಷನೇ.

ಸುಳ್ಳು ಹೇಳಲಿ, ಧಾರಾಳವಾಗಿ. ನೀವು ತಾಳಮದ್ದಳೆ ಕೇಳಿದವರು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತ ಅರ್ಥಧಾರಿ “ನಾನು ಕೌರವ” ಎಂದು ಶುರು ಮಾಡುತ್ತಾನೆ. ಒಳ್ಳೆಯ ಅರ್ಥಧಾರಿಯಾದರೆ ಅವತ್ತು ರಾತ್ರಿಯ ಮಟ್ಟಿಗೆ ಪಾಂಡವರದೇ ತಪ್ಪು ಎನಿಸಿಬಿಡುತ್ತದೆ. ಅವನು ‘ಛಲದಿಂದ ನಾನು ಕೆಟ್ಟೆ’ ಎಂದು ತಪ್ಪೊಪ್ಪಿಗೆ ಬರೆದುಕೊಡುವುದಿಲ್ಲ. ತನ್ನ ನ್ಯಾಯವನ್ನೇ ಮಂಡಿಸುತ್ತಾನೆ. ಎಲ್ಲೋ ಒಂದು ಮಾತಿನಲ್ಲಿ ಹೊಟ್ಟೆಯುರಿ ಇಣುಕುತ್ತದೆ, ಸಭೆ ಅದನ್ನು ಹಿಡಿದುಕೊಳ್ಳುತ್ತದೆ. ಹಾಗೆಯೇ ಕರ್ಣನ ಅರ್ಥ ಹೇಳುವವನಿಗೆ ಜನ್ಮರಹಸ್ಯ ಮೊದಲೇ ಗೊತ್ತು, ಕೇಳುವವರಿಗೂ ಗೊತ್ತು. ಆದರೆ ಕೃಷ್ಣ ಹೇಳುವ ಮುಂಚೆ ಅದು ಕರ್ಣನ ಬಾಯಿಂದ ಜಾರಿದರೆ ಅರ್ಥ ಕೆಟ್ಟಿತು. ನಿರೂಪಣೆಯ ಪಾಠವೆಲ್ಲ ಆ ಚಾಪೆಯ ಮೇಲಿದೆ.

ಹಾಗಾಗಿ ನಿಮ್ಮವನು ಹೇಳಿದ್ದಕ್ಕೂ ನಮಗೆ ಕಂಡದ್ದಕ್ಕೂ ನಡುವೆ ಒಂದು ಸಂದಿ ಬಿಡಿ. “ಅಣ್ಣನ ಗದ್ದೆಯ ಕಡೆ ನಾನು ತಲೆ ಹಾಕಿಯೂ ಮಲಗಿದವನಲ್ಲ” ಎನ್ನಲಿ. ಎರಡು ಪುಟ ಬಿಟ್ಟು, ಆ ಗದ್ದೆಯ ಸರ್ವೆ ನಂಬರು, ಗುಂಟೆ, ಯಾವ ಬದಿಯಲ್ಲಿ ಎಷ್ಟು ತೆಂಗಿನ ಮರ ಎಂಬುದನ್ನು ಉಸಿರು ಬಿಡದೆ ಒಪ್ಪಿಸಲಿ. ಓದುಗರಿಗೆ ಅಷ್ಟು ಸಾಕು. ಮೋಸವಾಗುವುದು ಸಂದಿಯೇ ಇಲ್ಲದಾಗ, ಕೊನೆಯ ಪುಟದಲ್ಲಿ ಜೇಬಿನಿಂದ ಪತ್ರ ತೆಗೆದಾಗ.

ಸಾಯಿಸುವುದು ಬೇಡ. ಸತ್ತವನು ಇಷ್ಟು ಹೊತ್ತು ಹೇಗೆ ಹೇಳಿದ ಎಂಬ ಲೆಕ್ಕದಲ್ಲಿ ಓದುಗರು ಮುಳುಗುತ್ತಾರೆ, ಗದ್ದೆ ಮರೆಯುತ್ತಾರೆ. ಆ ಗದ್ದೆಯಲ್ಲಿ ಅವನು ಚೆನ್ನಾಗಿ ಬೆಳೆ ತೆಗೆಯಲಿ.

ಪ್ರಶ್ನೆ (ಅಂಕೋಲೆಯಿಂದ)

‘ನೀನು ಬಾಗಿಲು ತೆರೆಯುತ್ತೀಯ, ನೀನು ಸಮುದ್ರ ನೋಡುತ್ತೀಯ’ ಎಂದು ಇಡೀ ಕತೆ ಬರೆದರೆ ಹೇಗೆ?

ಉತ್ತರ

ಬರೆಯಿರಿ, ಆದರೆ ನಾಲ್ಕು ಪುಟದೊಳಗೆ ಮುಗಿಸಿ. ‘ನೀನು’ ಎನ್ನುವವರು ಯಾರು ಎಂಬುದು ಗಟ್ಟಿಯಾಗಿರಬೇಕು. ತೀರಿಕೊಂಡ ತಾಯಿಗೆ ಮಗ ಹೇಳುತ್ತಿದ್ದರೆ ನಡೆಯುತ್ತದೆ. ಹೊಸತಾಗಿರಲಿ ಎಂಬುದಷ್ಟೇ ಕಾರಣವಾದರೆ ಮೂರನೆಯ ಪುಟಕ್ಕೆ ಓದುಗರು “ಇಲ್ಲ, ನಾನು ಬಾಗಿಲು ತೆರೆಯಲಿಲ್ಲ” ಎಂದು ಎದ್ದು ಹೋಗುತ್ತಾರೆ.

ಕಾರವಾರದ ಸದಸ್ಯೆ, ಮರುದಿನ

ಅಕ್ಕೋರೇ, ರಾತ್ರಿ ಕುಳಿತು ಮತ್ತೆ ಬರೆದೆ. ಹೇಳುವವಳು ಈಗ ದೊಡ್ಡವಳು. ಹಂಚು ಬಿಟ್ಟೆ.

“ಅಂಕೋಲೆಗೆ ಹೋಗುವಾಗ ನಾನು ಬಸ್ಸಿನ ಬಲಬದಿಯಲ್ಲಿ ಕೂರುವುದಿಲ್ಲ. ಆ ಬದಿಗೆ ಗೋಡೆ ಇದೆ. ಮನೆ ಬಿಡುವ ದಿನ ಅಜ್ಜ ಬಾವಿಯ ರಾಟೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಟೆಂಪೋದಲ್ಲಿ ಕುಳಿತರು. ಹೊಸ ಮನೆಗೆ ನಲ್ಲಿ ಇತ್ತು, ಬಾವಿ ಇರಲಿಲ್ಲ. ರಾಟೆ ಏಕೆ ತಂದರೆಂದು ನನಗೆ ಆಗ ತಿಳಿಯಲಿಲ್ಲ.”

ಉತ್ತರ

ರಾಟೆ ನನ್ನ ಹಂಚಿಗಿಂತ ಎಷ್ಟೋ ಮೇಲು. ಕೊನೆಯ ವಾಕ್ಯದ ‘ಆಗ’ ಒಂದನ್ನು ನೋಡಿ. ಆಗ ತಿಳಿಯಲಿಲ್ಲ ಎಂದರೆ ಈಗ ತಿಳಿದಿದೆ ಎಂದು ಮಾತು ಕೊಟ್ಟಂತೆ. ಅವಳಿಗೆ ತಿಳಿದಿದೆಯೇ? ಇಲ್ಲವಾದರೆ ಆ ಪದ ತೆಗೆದು ಒಮ್ಮೆ ಗಟ್ಟಿಯಾಗಿ ಓದಿ.