ತಮ್ಮ 40 ದಿನ ಜಮಾತಿಗೆ ಹೊರಟಿದ್ದಾನೆ, ಅನುಭವ ಇದ್ದವರು ಹೇಳಿ

ಬ್ರಿಟನ್ನಿನ ಲೆಸ್ಟರ್‌ನಿಂದ: ತಮ್ಮ ಇಲ್ಲಿ ಕೆಲಸದ ವೀಸಾದಲ್ಲಿದ್ದಾನೆ. ತಬ್ಲೀಗ್ ಜಮಾತ್ ಜೊತೆ ಫ್ರಾನ್ಸಿಗೆ ಚಿಲ್ಲಾ, ಅಂದ್ರೆ 40 ದಿನದ ಧರ್ಮಪ್ರಚಾರ ಪ್ರವಾಸ, ಹೋಗುತ್ತಾನಂತೆ. ಶಿವಮೊಗ್ಗದಲ್ಲಿ ಅಮ್ಮ ಹೆದರಿ ಕೂತಿದ್ದಾರೆ. ವಾಪಸ್ ಬರುವಾಗ ಪೊಲೀಸರು ಹಿಡೀತಾರಾ?

ಬ್ಲ್ಯಾಕ್‌ಬರ್ನ್: ನನ್ನನ್ನು ಹಿಡಿದರು. 2013ರಲ್ಲಿ. ಶೆಡ್ಯೂಲ್ 7 ಅಂದ್ರೆ ವಿಮಾನ ನಿಲ್ದಾಣ, ಬಂದರುಗಳಲ್ಲಿ ತಡೆದು ಪ್ರಶ್ನಿಸೋಕೆ ಇರುವ ಭಯೋತ್ಪಾದನಾ ತಡೆ ಕಾನೂನು, ಅದಕ್ಕೆ ಅನುಮಾನವೇ ಬೇಕಿಲ್ಲ. ಆಗ 9 ಗಂಟೆ ಕೂರಿಸಬಹುದಿತ್ತು, 2014ರಿಂದ 6. ನಾನು ಕೂತಿದ್ದು 5 ಗಂಟೆ 20 ನಿಮಿಷ. ಅಮ್ಮ ಕಳಿಸಿದ್ದ ಸಾರಿನ ಪುಡಿ ಡಬ್ಬಿಗೆ ಕಡ್ಡಿ ಹಾಕಿ ಕೆದಕಿದರು, ಮೇಜೆಲ್ಲ ಕೆಂಪು. ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಮುರಿದು ಮೂಸಿದರು. ಮುಂದಿನ ವಿಮಾನ ತಪ್ಪಿತು, ಹೊಸ ಟಿಕೆಟ್ 214 ಪೌಂಡ್. ಕಿತ್ತುಕೊಂಡ ಫೋನ್ ವಾಪಸ್ ಬಂದಿದ್ದು ಆರನೇ ದಿನ. ಆಮೇಲೆ ನಾನು ಜಮಾತಿಗೆ ಹೋಗಿಲ್ಲ.

ಡ್ಯೂಸ್‌ಬರಿ: ಅಷ್ಟಕ್ಕೇ ಬಿಟ್ಟುಬಿಟ್ರಾ ಭಾಯ್? ನಾನು 22 ವರ್ಷದಿಂದ ತಿಂಗಳಿಗೆ ಮೂರು ದಿನ ಹೋಗುತ್ತಿದ್ದೇನೆ. ರಾಜಕೀಯ ಮಾತಾಡಬಾರದು ಅನ್ನೋದೇ ನಮ್ಮ ನಿಯಮ. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಜನರನ್ನು ಕೊಂದವರ ಮುಖಂಡ ಸಿದ್ದೀಕ್ ಖಾನ್ ನಮ್ಮ ಮರ್ಕಜ್‌ಗೆ, ಅಂದ್ರೆ ಜಮಾತಿನ ಕೇಂದ್ರ ಮಸೀದಿಗೆ, ಬಂದಿದ್ದ. ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. ಅವನೊಬ್ಬನಿಂದ ನಮ್ಮ ಬೀದಿಯಲ್ಲಿ ತಿಂಗಳುಗಟ್ಟಲೆ ಕ್ಯಾಮೆರಾ.

ಬರ್ಮಿಂಗ್‌ಹ್ಯಾಮ್: ನೀವು ಬಾಯೇ ಬಿಡಲ್ಲ, ಅದಕ್ಕೇ ಜನ ಹೆದರೋದು. ಲಂಡನ್ನಿನ ಒಲಿಂಪಿಕ್ಸ್ ಜಾಗದ ಹತ್ತಿರ ನಿಮ್ಮ ಜಮಾತ್ ಕಟ್ಟಬೇಕೆಂದಿದ್ದ ದೊಡ್ಡ ಮಸೀದಿಗೆ 2012ರಲ್ಲಿ ನ್ಯೂಹ್ಯಾಮ್ ಕೌನ್ಸಿಲ್ ಬೇಡ ಅಂತು, 2015ರಲ್ಲಿ ಮೇಲ್ಮನವಿಯೂ ಬಿತ್ತು. ನಾವು ಸಲಫಿಗಳು, ಅಂದ್ರೆ ಮೊದಲ ತಲೆಮಾರಿನ ಮುಸ್ಲಿಮರ ಹಾದಿಯೇ ಸರಿ ಅನ್ನುವವರು, ಐಸಿಸ್ ವಿರುದ್ಧ ಕರಪತ್ರ ಹಂಚಿದೆವು.

ಡ್ಯೂಸ್‌ಬರಿ: ಹಂಚಿ ಏನಾಯ್ತು? ನಿಮ್ಮನ್ನು ನಂಬಿದರಾ?

ಬರ್ಮಿಂಗ್‌ಹ್ಯಾಮ್: ಇಲ್ಲ. ಉಗ್ರವಾದದತ್ತ ವಾಲುವವರನ್ನು ಗುರುತಿಸಿ ತಿಳಿಸುವ ಸರ್ಕಾರದ ಪ್ರಿವೆಂಟ್ ಯೋಜನೆ 2015ರಿಂದ ಶಾಲೆಗಳಿಗೆ ಕಡ್ಡಾಯ ಆಯಿತಲ್ಲ, ಮರುವರ್ಷವೇ ನನ್ನ ಮಗನ ಹೆಸರು ಹೋಯಿತು. ಸಂಗೀತದ ಕ್ಲಾಸಿಗೆ ಕೂರಲ್ಲ ಅಂದಿದ್ದ, ಅಷ್ಟೇ. 11 ವರ್ಷದ ಹುಡುಗ. ವಕೀಲರಿಗೆ 1,850 ಪೌಂಡ್. ನಾಲ್ಕು ತಿಂಗಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ.

ಲೂಟನ್, ಇಬ್ಬರು ಮಕ್ಕಳ ತಾಯಿ: ಪೊಲೀಸರ ಮಾತು ಆಮೇಲೆ. 40 ದಿನ ಗಂಡ ಇಲ್ಲದ ಮನೆ ಯಾರು ನೋಡಿಕೊಳ್ಳುತ್ತಾರೆ? ನಮ್ಮವರು ಹೋದಾಗ ಬಾಯ್ಲರ್ ಕೆಟ್ಟಿತ್ತು, ಜನವರಿ ಚಳಿ. ಅದರ ಲೆಕ್ಕ ಯಾರೂ ಹೇಳಲ್ಲ.

ಡ್ಯೂಸ್‌ಬರಿ: ತಂಗಿ, ಮನೆಗೆ ವ್ಯವಸ್ಥೆ ಮಾಡಿಯೇ ಹೊರಡಬೇಕು ಅಂತ ಹಿರಿಯರು ಹೇಳುತ್ತಾರೆ.

ಲೂಟನ್, ಇಬ್ಬರು ಮಕ್ಕಳ ತಾಯಿ: ಹೇಳುತ್ತಾರೆ ಭಾಯ್. ಮಾಡಿದವರನ್ನು ನಾನು ನೋಡಿಲ್ಲ.

ಬ್ಲ್ಯಾಕ್‌ಬರ್ನ್: ಲೆಸ್ಟರ್‌ನವರೇ, ತಮ್ಮನಿಗೆ ಇದೊಂದು ಹೇಳಿ. ಫೋನ್ ಪಾಸ್‌ವರ್ಡ್ ಕೊಡದಿದ್ದರೆ ಅದೇ ಅಪರಾಧ. ಮೊದಲು ವಕೀಲರನ್ನು ಕೇಳಲಿ.