ಕ್ಯಾನಿಬಲ್ ಹೋಲೋಕಾಸ್ಟ್ ನೋಡಿ ಎರಡು ದಿನ ಆಯ್ತು, ಆ ನಟರ ಕಥೆ ನಿಜಕ್ಕೂ ಏನು?

ಕತ್ತಲೆಕೋಣೆ:
ಹಾರರ್ ನನಗೆ ಹೊಸದಲ್ಲ, ರಕ್ತ ಗಿಕ್ತ ನೋಡಿ ಹೆದರೋ ಆಸಾಮಿನೂ ಅಲ್ಲ, ಆದ್ರೆ 1980ರ ಈ ಇಟಾಲಿಯನ್ ಪಿಕ್ಚರ್ ನೋಡಿದ್ಮೇಲೆ ಒಂಥರಾ ಹೊಟ್ಟೆ ತೊಳಸ್ತಾನೇ ಇದೆ. ಆಮೆ ಸೀನನ್ನ ಅರ್ಧಕ್ಕೇ ಓಡಿಸ್ಬಿಟ್ಟೆ, ಆಮೇಲೆ ಓದಿದ್ರೆ ಅದು ನಿಜವಾದ ಆಮೆ, ಕ್ಯಾಮೆರಾ ಮುಂದೇನೇ ಕೊಂದಿದ್ದು ಅಂತೆ. ಹಂಗಾದ್ರೆ ಮನುಷ್ಯರ ಸೀನ್‌ಗಳು? ಡೈರೆಕ್ಟರ್ ರುಜೆರೊ ದೇವೊದಾತೊ ಮೇಲೆ ಕೊಲೆ ಆರೋಪ ಬಂದು ಆಮೇಲೆ ಬಿದ್ದೋಯ್ತಂತೆ. ಬಿದ್ದೋಯ್ತು ಅಂದ್ರೆ ಸೆಟ್ಟಲ್ಲಿ ಎಲ್ಲಾ ನೆಟ್ಟಗಿತ್ತು ಅಂತಾನಾ? ಫ್ರೆಂಡ್ ಒಬ್ಬ "ಸೈನ್ ಹಾಕಿ ದುಡ್ಡು ತಗೊಂಡು ಬಂದೋರು ಅವ್ರು, ನಿಂಗ್ಯಾಕೋ ಊರ ಉಸಾಬರಿ" ಅಂದ. ನಂಗೆ ತಕ್ಷಣ ಉತ್ತರ ಹೊಳೀಲಿಲ್ಲ.

ಹಳೇರೀಲು:
ಆರೋಪ ಬಂದಿದ್ದು ನಿಜ. ಮಿಲಾನ್‌ನಲ್ಲಿ ತೆರೆಕಂಡು ಹತ್ತು ದಿನಕ್ಕೆಲ್ಲ ಪ್ರಿಂಟ್ ಸೀಜ್ ಮಾಡಿದ್ರು, ಮೊದ್ಲು ಅಶ್ಲೀಲ ಅಂತ ಕೇಸು, ಆಮೇಲೆ ನಟರನ್ನ ಸಾಯಿಸೇಬಿಟ್ಟಿದಾನೆ ಅನ್ನೋ ಗುಮಾನಿ. ಆ ಗುಂಡಿ ತೋಡ್ಕೊಂಡಿದ್ದು ಅವನೇ ಬಿಡಿ, ಇದು ಕಾಡಲ್ಲಿ ಸಿಕ್ಕಿದ ಅಸಲಿ ಫೂಟೇಜ್ ಅಂತ ಜನ ನಂಬ್ಲಿ ಅಂತ ಒಂದು ವರ್ಷ ಎಲ್ಲೂ ಮುಖ ತೋರಿಸಲ್ಲ ಅಂತ ನಟರ ಹತ್ರ ಬರೆಸ್ಕೊಂಡಿದ್ದ. ಕೊನೆಗೆ ಅವನೇ ಅವ್ರನ್ನ ಹುಡುಕಿಸಿ ಕರೆಸಿ, ನೋಡ್ರಪ್ಪಾ ಉಸಿರಾಡ್ತಿದಾರೆ ಅಂತ ತೋರಿಸ್ಬೇಕಾಯ್ತು.

ಆ ಶೂಲಕ್ಕೇರಿಸಿದ ಹುಡುಗಿ ಸೀನ್ ಇದ್ಯಲ್ಲ, ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟ್ ಕೂರಿಸಿದ್ರು. ಅವಳು ಸೀಟ್ ಮೇಲೆ ಕೂತು, ಬಾಲ್ಸಾ ಅನ್ನೋ ಹಗುರ ಮರದ ತುಂಡನ್ನ ಬಾಯಲ್ಲಿ ಕಚ್ಕೊಂಡು ಆಕಾಶ ನೋಡಿದ್ಲು, ಮೇಲೆ ಬಣ್ಣದ ರಕ್ತ, ಮುಗೀತು. ಎಲ್ರೂ ಬೆಚ್ಚಿಬಿದ್ದ ಆ ಸೀನಲ್ಲಿ ಯಾರಿಗೂ ಒಂದು ಗೀರೂ ಆಗಿಲ್ಲ.

ಆದ್ರೆ ಆ ಕೊಲೆ ಆರೋಪದ ವಿಚಾರಣೇಲಿ ಕೇಳಿದ್ದು ನಟರು ಬದುಕಿದಾರಾ ಅಂತ ಮಾತ್ರ, ಅವ್ರನ್ನ ಹೆಂಗೆ ನಡೆಸ್ಕೊಂಡ್ರಿ ಅಂತ ಅಲ್ಲ. ಶೂಟಿಂಗ್ ನಡೆದಿದ್ದು ಕೊಲಂಬಿಯಾದ ಅಮೆಜಾನ್ ಕಾಡಲ್ಲಿ, ಲೆಟಿಸಿಯಾ ಸುತ್ತಮುತ್ತ. ಪ್ರಾಣಿ ಕೊಲ್ಲೋ ಶಾಟ್ ತೆಗೀವಾಗ ರಾಬರ್ಟ್ ಕೆರ್ಮನ್ ಅನ್ನೋ ನಟ ಸೆಟ್ ಬಿಟ್ಟು ಎದ್ದೋದ. ಆಮೆ ಸೀನ್ ಮುಗಿದ್ಮೇಲೆ ಅದ್ರಲ್ಲಿದ್ದ ಪೆರಿ ಪಿರ್ಕನೆನ್ ಅತ್ತಿದ್ದ. ಕೋತಿ ಶಾಟ್ ಎರಡು ಸಲ ತೆಗೆದ್ರು, ಅದಕ್ಕೇ ಎರಡು ಕೋತಿ ಹೋದ್ವು. ಸ್ಥಳೀಯ ಆದಿವಾಸಿಗಳನ್ನ ಉರಿಯೋ ಗುಡಿಸಲೊಳಗೆ ಕೂರಿಸಿದ್ರು, ಅಂಥ ಕೆಲಸಕ್ಕೂ ಅವ್ರಿಗೆ ಕಾಸು ಕೊಟ್ಟಿಲ್ಲ ಅಂತ ಆರೋಪ ಇದೆ. ಕಥೇಲಿ ಕಾಡಿಗೆ ಡಾಕ್ಯುಮೆಂಟರಿ ತೆಗಿಯಕ್ಕೆ ಹೋದ ಆ ನಾಲ್ಕು ಜನ ಫೂಟೇಜ್‌ಗೋಸ್ಕರ ಗುಡಿಸಲಿಗೆ ಬೆಂಕಿ ಹಚ್ಚಿದ್ದಕ್ಕೆ ನಾವು ಅವ್ರನ್ನ ರಾಕ್ಷಸರು ಅಂತೀವಲ್ಲ, ಆ ಸೀನ್ ತೆಗೆದೋರನ್ನ ಏನನ್ಬೇಕು? ನಿಮ್ ಫ್ರೆಂಡ್‌ಗೆ ಕೇಳಿ, ಆ ಆದಿವಾಸಿಗಳ ಸೈನ್ ಯಾವ ಕಾಗದದ ಮೇಲಿದೆ ಅಂತ.

ಮಸಿಬಟ್ಟೆ:
ಒಪ್ತೀನಿ, ಆದ್ರೆ ಇದೊಂದನ್ನೇ ಹಿಡ್ಕೊಂಡು ಬೈಯೋದು ಯಾಕೆ ಗುರು? 1974ರ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್‌ನ ಎಲ್ರೂ ಕ್ಲಾಸಿಕ್ ಅಂತ ತಲೆ ಮೇಲೆ ಹೊತ್ಕೊಂಡ್ ಮೆರೆಸ್ತಾರೆ, ಅದ್ರಲ್ಲಿ ನಕಲಿ ರಕ್ತದ ಟ್ಯೂಬ್ ಕಟ್ಕೊಂಡ್ತು ಅಂತ ಕೊಲೆಗಾರನ ಪಾತ್ರ ಮಾಡಿದ್ದ ಗುನ್ನಾರ್ ಹ್ಯಾನ್ಸನ್, ನಟಿ ಮ್ಯಾರಿಲಿನ್ ಬರ್ನ್ಸ್ ಬೆರಳನ್ನ ನಿಜವಾಗ್ಲೂ ಕುಯ್ದ. ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್ ಅಂತೂ ಅಂಡರ್‌ಗ್ರೌಂಡೇ ಅಲ್ಲ, ಮರ್ಲನ್ ಬ್ರಾಂಡೊ ಇದ್ದ ದೊಡ್ಡ ಪಿಕ್ಚರ್, 19 ವರ್ಷದ ಮರಿಯಾ ಶ್ನೈಡರ್‌ಗೆ ಅತ್ಯಾಚಾರದ ಸೀನಲ್ಲಿ ಬೆಣ್ಣೆ ಬಳಸೋ ವಿಷಯ ಮುಂಚೆ ಸರಿಯಾಗಿ ಹೇಳಿರ್ಲಿಲ್ಲ. ಆ ಕಣ್ಣೀರು ನಟನೆ ಅಲ್ಲ ಅಂತ ಅವಳೇ 2007ರಲ್ಲಿ ಹೇಳಿದ್ಲು. ಡೈರೆಕ್ಟರ್ ಬೆರ್ತೊಲುಚ್ಚಿ 2013ರಲ್ಲಿ ಅದನ್ನ ಒಪ್ಕೊಂಡ, ಅಷ್ಟೊತ್ತಿಗೆ ಅವಳು ತೀರ್ಕೊಂಡು ಎರಡು ವರ್ಷ. ಸೋ ಚಿಕ್ಕ ಬಜೆಟ್ ಪಿಕ್ಚರ್‌ನೋರು ಕ್ರೂರಿಗಳು, ದೊಡ್ಡೋರು ಕಲಾವಿದರು ಅನ್ನೋ ಲೆಕ್ಕ ನಂಗೆ ಆಗಿಬರಲ್ಲ.

ಅರ್ಧಚಂದ್ರ:
ನಾನು ಒಂದೇ ಒಂದು ಶಾರ್ಟ್ ಫಿಲ್ಮ್‌ನಲ್ಲಿ ಮಾಡಿದೀನಿ, ಕಿಡ್ನಾಪ್ ಆದ ಹುಡುಗಿ ಪಾತ್ರ, ಹೆಸರು ಬೇಡ. ಕುರ್ಚಿಗೆ ಕಟ್ಟಿ ಹಾಕಿದ್ರು, ನೈಲಾನ್ ಹಗ್ಗ, ಸಡಿಲವಾಗೇ ಕಟ್ತೀವಿ ಅಂದಿದ್ರು. ಮೂರನೇ ಟೇಕ್ ಹೊತ್ತಿಗೆ ಬೆರಳ ತುದಿ ಜುಂ ಅಂತಿತ್ತು, ನಾನು "ಬಿಚ್ಚಿ ಬಿಚ್ಚಿ" ಅಂತ ಕೂಗ್ದೆ. ಯಾರೂ ಬರ್ಲಿಲ್ಲ. ಯಾಕಂದ್ರೆ ಸ್ಕ್ರಿಪ್ಟಲ್ಲಿ ನನ್ನ ಡೈಲಾಗೂ ಅದೇ ಆಗಿತ್ತು! ಕಟ್ ಆದ್ಮೇಲೆ ಡೈರೆಕ್ಟರ್ ಬಂದು "ಸೂಪರ್ ಮೇಡಂ, ಇದೇ ಬೇಕಾಗಿತ್ತು" ಅಂತ ಚಪ್ಪಾಳೆ ತಟ್ಟಿದ. ಕೆಟ್ಟೋನಲ್ಲ ಅವನು, ಅವನಿಗೆ ಗೊತ್ತೇ ಆಗಿರ್ಲಿಲ್ಲ. ಮಣಿಕಟ್ಟಿನ ಗುರುತು ಹೋಗಕ್ಕೆ ವಾರ ಹಿಡೀತು. ನಂದೂ ಸೈನ್ ಇತ್ತು ಸ್ವಾಮಿ.

ಈಗ ದೊಡ್ಡ ಸೆಟ್‌ಗಳಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಇರ್ತಾರೆ, ಅಂದ್ರೆ ಲೈಂಗಿಕ ಸೀನ್‌ಗಳಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡ್ಕೊಳೋರು, ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒ 2018ರಲ್ಲಿ ಅಂಥ ಸೀನ್‌ಗೆಲ್ಲ ಅವ್ರು ಇರ್ಲೇಬೇಕು ಅಂತ ಮಾಡ್ತು. ಐದು ಜನ ಸೇರಿ ಗ್ಯಾರೇಜಲ್ಲಿ ತೆಗಿಯೋ ಪಿಕ್ಚರ್‌ಗೆ ಅವ್ರೆಲ್ಲಿಂದ ಬರ್ಬೇಕು. ಅದಕ್ಕೆ ನಾನು ಕೇಳೋದು ಇಷ್ಟೇ, ಕಥೆಗೆ ಸಂಬಂಧ ಇಲ್ದಿರೋ ಒಂದು ಪದ ಮೊದ್ಲೇ ಗೊತ್ತು ಮಾಡ್ಕೊಳಿ, ಛತ್ರಿ ಅಂತ ಇಟ್ಕೊಳಿ ಬೇಕಾದ್ರೆ, ಅದು ಬಾಯಿಂದ ಬಂದ್ರೆ ಕ್ಯಾಮೆರಾ ನಿಲ್ಬೇಕು. ಬಾಯಿ ಕಟ್ಟಿದ್ರೆ ಕೈಯಲ್ಲೊಂದು ಚೆಂಡು, ಬಿಟ್ರೆ ಕಟ್.

ಹಳೇರೀಲು:
ಚೆಂಡಿನ ಐಡಿಯಾ ಚೆನ್ನಾಗಿದೆ ಮೇಡಂ. ಮಸಿಬಟ್ಟೆ ಅವ್ರೆ, ನಿಮ್ ಮಾತೂ ಸರಿ, ಒಂದೇ ವ್ಯತ್ಯಾಸ, ಶ್ನೈಡರ್ ಹೇಳಿದ್ದನ್ನ ತಡವಾಗಾದ್ರೂ ಜನ ಕೇಳಿಸ್ಕೊಂಡ್ರು.

ಕತ್ತಲೆಕೋಣೆ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಆ ಗುಡಿಸಲು ಸೀನ್ ಒಂದನ್ನೇ ಮತ್ತೆ ಹಾಕ್ದೆ. ಮೊದಲನೇ ಸಲ ಕ್ಯಾಮೆರಾ ಹಿಡಿದಿರೋ ನಾಲ್ಕು ಜನರ ಮೇಲೇ ಕಣ್ಣಿತ್ತು, ಈ ಸಲ ಒಳಗಿರೋರನ್ನ ನೋಡ್ದೆ. ಯಾರು ನಟಿಸ್ತಿದಾರೆ, ಯಾರಿಗೆ ನಿಜವಾಗ್ಲೂ ಹೊಗೆ ತಡೆಯಕ್ಕಾಗ್ತಿಲ್ಲ ಅಂತ ಗೊತ್ತಾಗ್ಲಿಲ್ಲ. ಅಲ್ಲಿಗೇ ಆಫ್ ಮಾಡ್ದೆ.