ಸಹಾಯ ಬೇಕು: 1999-2001ರ ಅಮೆರಿಕನ್ ಕಂಟ್ರಿ ಹಿಟ್‌ಗಳ ರೇಡಿಯೋ ವರ್ಷನ್

ಎಲ್ಲರಿಗೂ ನಮಸ್ಕಾರ. ಫ್ರೆಂಡ್ಸ್ ಎಲ್ಲ ಸೇರಿ ಹಾಡು ಕೇಳೋ ಒಂದು ಸಣ್ಣ ಗುಂಪಿದೆ ನಮ್ದು, ಮುಂದಿನ ಸಲ ಹಾಡು ಆರಿಸೋ ಸರದಿ ನಂದು, ಅದಕ್ಕೆ 1999ರಿಂದ 2001ರ ತನಕ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಜಾನಪದದಿಂದ ಬೆಳೆದ ಸಂಗೀತ) ಚಾರ್ಟಲ್ಲಿ ನಂಬರ್ ಒನ್ ಆದ ಹಾಡುಗಳ ಪ್ಲೇಲಿಸ್ಟ್ ಮಾಡ್ತಿದೀನಿ. ಲೀ ಆನ್ ವೊಮ್ಯಾಕ್ ಅವರ 'ಐ ಹೋಪ್ ಯೂ ಡಾನ್ಸ್' ಈಗ್ಲೂ ಕೇಳಿದ್ರೆ ಗಂಟಲು ಕಟ್ಟತ್ತೆ, ಅದಂತೂ ಇರ್ಲೇಬೇಕು.

ತೊಂದರೆ ಆಗಿರೋದು ಲೋನ್‌ಸ್ಟಾರ್ ಬ್ಯಾಂಡಿನ 'ಅಮೇಜ್ಡ್' ಹಾಡಲ್ಲಿ. 1999ರಲ್ಲಿ ಅದು ಕಂಟ್ರಿ ಚಾರ್ಟಲ್ಲಿ 8 ವಾರ ಮೊದಲನೇ ಸ್ಥಾನದಲ್ಲಿತ್ತು, ಆಮೇಲೆ ಪಾಪ್ ಸ್ಟೇಷನ್‌ಗಳಿಗೆ ಅಂತಾನೇ ರೀಮಿಕ್ಸ್ ಮಾಡಿದ್ರು, 2000ದ ಮಾರ್ಚಲ್ಲಿ ಎಲ್ಲಾ ಬಗೆಯ ಹಾಡುಗಳಿರೋ ಬಿಲ್‌ಬೋರ್ಡ್ ಚಾರ್ಟ್ ಹಾಟ್ 100ರಲ್ಲೂ ನಂಬರ್ ಒನ್ ಆಯ್ತು, 1983ರ ಕೆನ್ನಿ ರೋಜರ್ಸ್, ಡಾಲಿ ಪಾರ್ಟನ್ ಡ್ಯುಯೆಟ್ ಆದ್ಮೇಲೆ ಯಾವ ಕಂಟ್ರಿ ಹಾಡೂ ಅಲ್ಲಿವರೆಗೆ ಹೋಗಿರ್ಲಿಲ್ಲ. ನಂಗೆ ಎರಡೂ ವರ್ಷನ್ ಹಿಂದೆಮುಂದೆ ಹಾಕಿ ಕೇಳಿಸ್ಬೇಕು, ಆದ್ರೆ ಆ್ಯಪಲ್ಲಿ ಸಿಗೋ ಫೈಲ್‌ಗಳಲ್ಲಿ ಯಾವುದು ಕಂಟ್ರಿ ಸ್ಟೇಷನ್‌ಗೆ ಕಳಿಸಿದ್ದು ಯಾವುದು ಪಾಪ್‌ಗೆ ಮಾಡಿದ್ದು ಅಂತ ಗುರುತು ಸಿಗ್ತಿಲ್ಲ. ಫೇತ್ ಹಿಲ್ ಅವರ 'ಬ್ರೀದ್'ದೂ ಇದೇ ಕಥೆ.

ಆಗ ಟೆಕ್ಸಾಸ್, ಟೆನ್ನೆಸ್ಸೀ ಕಡೆ ಇದ್ದು ಕಾರಲ್ಲಿ ರೇಡಿಯೋ ಕೇಳ್ತಿದ್ದ ಅಣ್ಣಂದ್ರು ಅಕ್ಕಂದ್ರು ಇಲ್ಲಿದ್ರೆ ದಯವಿಟ್ಟು ಹೇಳಿ, ಆ ಕಾಲದ ಸಿಂಗಲ್ ಸಿಡಿ ಇಟ್ಕೊಂಡಿದ್ರೆ ಹಿಂದಿನ ಕವರ್ ಫೋಟೋ ಹಾಕಿ, ವರ್ಷನ್ ಹೆಸರು, ಎಷ್ಟು ನಿಮಿಷ ಅಂತ ಗೊತ್ತಾದ್ರೆ ಸಾಕು. ವಾರವಾರದ ಹಳೇ ಕಂಟ್ರಿ ಚಾರ್ಟ್ ಪೂರ್ತಿಯಾಗಿ ಎಲ್ಲಿ ನೋಡ್ಬಹುದು ಅನ್ನೋದೂ ತಿಳಿಸಿ.